ಎಡಗಾಲಿನ ಎರಡನೆಯ ಚಿತ್ರ

ನಮ್ಮ ಕೆಲಸ ಕೂರುವುದು. ಜಪಾನಿನ ಹಳೆಯ ನೋಹ್ ನಾಟಕದ ರಂಗದ ಮೇಲೆ ಸತ್ತವಳೊಬ್ಬಳು ಮುಖವಾಡ ತೊಟ್ಟು ಬಂದು ತನ್ನ ಕಥೆಯನ್ನು ಹೇಳಿ ಕುಣಿಯುವಾಗ, ಅದನ್ನು ಕೇಳುವ ಅಲೆಮಾರಿ ಸನ್ಯಾಸಿಯೊಬ್ಬನು ಕಂಬದ ಬಳಿ ಕುಳಿತಿರಬೇಕು. ಅವನೇ ವಾಕಿ. ಬಲಮಂಡಿಯನ್ನು ಎತ್ತಿ, ಎಡಪಾದವನ್ನು ಅಡಿಗೆ ಮಡಿಸಿ, ಮೈಭಾರವನ್ನೆಲ್ಲ ಆ ಹರಡಿನ ಮೇಲೆ, ಪಾದ ಕಾಲಿಗೆ ಸೇರುವ ಕೀಲಿನ ಮೇಲೆ, ಇಳಿಸಿ, ಒಂದು ಗಂಟೆಯ ಕಾಲ. ಅವನಿಗೆ ಮುಖವಾಡವಿಲ್ಲ, ಆದರೂ ಮುಖದಲ್ಲಿ ಏನೂ ಕಾಣಬಾರದು. ಕೊನೆಗೆ ಒಂದೇ ಉಸಿರಿನಲ್ಲಿ, ಏನನ್ನೂ ಹಿಡಿಯದೆ, ಏಳಬೇಕು. ಕನಜಾವ ನಗರದಲ್ಲಿ ಈ ವಿದ್ಯೆ ನಮ್ಮ ಮನೆಯದು. ನನ್ನ ಮಂಡಿಗಳು ಸೋತು ನಾನು ರಂಗದಿಂದ ಇಳಿದ ಮೇಲೆ ಉಳಿದವನು ನನ್ನ ಶಿಷ್ಯ ಹರುಚಿಕನೊಬ್ಬನೇ. ಹನ್ನೊಂದನೆಯ ವಯಸ್ಸಿಗೆ ನನ್ನ ಬಳಿ ಬಂದವನಿಗೆ ಈಗ ಮೂವತ್ತೊಂಬತ್ತು.

ಕಳೆದ ಫೆಬ್ರವರಿಯ ಪ್ರದರ್ಶನದಲ್ಲಿ ಏಳುವಾಗ ಅವನ ಎಡಗೈ ನೆಲವನ್ನು ಮುಟ್ಟಿತು. ಪ್ರೇಕ್ಷಕರಿಗೆ ತಿಳಿಯಲಿಲ್ಲ. ಮದ್ದಳೆಗಾರ ಸುನಾಗನ ಕಣ್ಣಿಗೆ ಮಾತ್ರ ಬಿತ್ತು.

“ಏನಪ್ಪಾ ಹರುಚಿಕ, ಕಂಬಕ್ಕೂ ನಿನಗೂ ಇರೋ ವ್ಯತ್ಯಾಸ ಇವತ್ತು ಗೊತ್ತಾಯ್ತು ನೋಡು. ಕಂಬ ನೆಲ ತಡವಲ್ಲ!”

“ಕಂಬಕ್ಕೆ ಏಳೋ ಕೆಲಸ ಇಲ್ಲವಲ್ಲ, ಸುನಾಗಣ್ಣ,” ಎಂದು ಹರುಚಿಕ ನಕ್ಕನು. ಬಿಳಿಯ ಕಾಲುಚೀಲವನ್ನು ಬಿಚ್ಚಿದಾಗ ಅವನ ಹರಡು ಕೆಸವಿನ ಗೆಡ್ಡೆಯಂತೆ ಊದಿತ್ತು.

ಮೂಳೆಯ ವೈದ್ಯೆ ಕುಜೆ ಅವರು ಸುತ್ತುಬಳಸಿ ಮಾತನಾಡುವವರಲ್ಲ. “ಹರಡಿನಲ್ಲಿ ಎರಡು ಮೂಳೆ ಒಂದರ ಮೇಲೊಂದು ಕೂತಿರುತ್ತೆ. ಎರಡಕ್ಕೂ ಮೃದ್ವಸ್ಥಿಯ ಪದರ ಇರುತ್ತೆ, ಅಕ್ಕಿಕಾಳಿನಷ್ಟೂ ದಪ್ಪ ಇಲ್ಲ. ಕೆಳಗಿನದೊಂದೇ ಹರಿದಿದ್ರೆ ಮಂಡಿಯಿಂದ ಚೂರು ತೆಗೆದು ನಾಟಿ ಮಾಡ್ತೀನಿ, ಮತ್ತೆ ಕೂರ್ತಾರೆ. ಮೇಲಿನದೂ ಹೋಗಿದ್ರೆ ನಾಟಿ ನಿಲ್ಲಲ್ಲ. ಎರಡೂ ಮೂಳೆ ಬೆಸೆದುಬಿಡಬೇಕು. ಆಮೇಲೆ ನಡೀತಾರೆ, ಆದ್ರೆ ಪಾದ ಮಡಚಲ್ಲ. ಕೊಯ್ಯೋಕೆ ಮುಂಚೆ ಅದು ಗೊತ್ತಾಗ್ಬೇಕು.”

ಮೇ ತಿಂಗಳಲ್ಲಿ ಅವನೊಬ್ಬನೇ ಹೋಗಿ ತೆಗೆಸಿಕೊಂಡ ಎಂ.ಆರ್.ಐ. ಚಿತ್ರ ಮಸುಕಾಗಿತ್ತು. “ಅಲುಗಾಡಿದ್ದಾರೆ. ಕೆಳಗಿನದು ಹೋಗಿದೆ. ಮೇಲಿನದು ಇದ್ರೂ ಇರಬಹುದು. ಇನ್ನೊಂದು ತೆಗೀಬೇಕು,” ಎಂದರು ವೈದ್ಯೆ.

ಇದ್ದರೂ ಇರಬಹುದೆಂಬ ಆ ಮಾತಿಗಿಂತ ಅಲುಗಾಡಿದನೆಂಬ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. “ಇಪ್ಪತ್ತೆಂಟು ವರ್ಷ ಕೂರೋದು ಕಲಿಸಿದ್ದೀನಿ. ಮಲಗಿಕೊಂಡು ನಲವತ್ತು ನಿಮಿಷ ಸುಮ್ನಿರೋಕೆ ಆಗ್ಲಿಲ್ವೇನಯ್ಯಾ ನಿನಗೆ?” ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಗದರಿದೆ. ಅವನು ತಲೆ ಬಾಗಿಸಿ, “ತಪ್ಪಾಯ್ತು ಗುರುಗಳೇ. ಇನ್ನೊಂದು ಚಿತ್ರ ಬೇಸಿಗೆ ಕಳೆದ ಮೇಲೆ ತೆಗೆಸೋಣ,” ಎಂದನು.

ಆ ಬೇಸಿಗೆಯಷ್ಟು ಸುಖವಾದ ಕಾಲವನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಹರುಚಿಕ ಕಾಲು ಚಾಚಿ ಕುಳಿತು ಹಾಡುತ್ತಿದ್ದನು. ನಾನು ಬೀಸಣಿಗೆಯಿಂದ ತಾಳ ಹಾಕುತ್ತಿದ್ದೆ. ಮರುವರ್ಷದ ನವೆಂಬರಿಗೆ ಯಾವ ನಾಟಕವೆಂದು ನಿಶ್ಚಯಿಸಿದೆವು. ಅಷ್ಟರಲ್ಲಿ ನಾಟಿ ಬೇರೂರಿರುತ್ತದೆಂಬುದು ನಮ್ಮ ಲೆಕ್ಕ. ಪರೀಕ್ಷೆಯ ಮಾತು ಬಂದಾಗಲೆಲ್ಲ ಅವನು ಸೆಕೆಯ ನೆಪವನ್ನೋ ಬೇಸಿಗೆಯಲ್ಲಿ ಹಿರಿಯರಿಗೆ ದೀಪವಿಡುವ ಹಬ್ಬದ ನೆಪವನ್ನೋ ಹೇಳುತ್ತಿದ್ದನು. ಸೆಪ್ಟೆಂಬರಿನಲ್ಲಿ ನಾನೇ ಹಟ ಹಿಡಿದು, ದಿನ ಗೊತ್ತುಮಾಡಿಸಿ, ಅವನನ್ನು ಕರೆದುಕೊಂಡು ಹೋದೆ.

ಈ ಸಲದ ವಿಧಾನ ಬೇರೆಯಾಗಿತ್ತು. ಹರಡಿನೊಳಕ್ಕೆ ಸೂಜಿಯಿಂದ ಔಷಧದ್ರವವನ್ನು ತುಂಬಿದರು. ಪಾದಕ್ಕೆ ಪಟ್ಟಿ ಬಿಗಿದು, ಅದಕ್ಕೆ ಆರು ಕಿಲೋ ತೂಕದ ನೀರಿನ ಚೀಲವನ್ನು ತೂಗಬಿಟ್ಟರು. ಅಂಟಿಕೊಂಡ ಮೂಳೆಗಳು ಕೂದಲೆಳೆಯಷ್ಟು ಬೇರ್ಪಟ್ಟರೆ ಎರಡು ಪದರಗಳೂ ಬೇರೆಬೇರೆಯಾಗಿ ಕಾಣುತ್ತವೆಯಂತೆ. ಯಂತ್ರ ನೋಡಿಕೊಳ್ಳುವ ಎಗಾವ ಎಂಬಾತನು ಅವನ ಕೈಗೆ ರಬ್ಬರಿನ ಗುಂಡೊಂದನ್ನು ಕೊಟ್ಟು, “ಊದಿರೋ ಕಾಲು ಇದು, ನೋವು ಜೋರಾಗೇ ಇರುತ್ತೆ. ತಡೆಯೋಕಾಗ್ದೇ ಇದ್ರೆ ಒತ್ತಿ, ನಿಲ್ಲಿಸ್ತೀನಿ,” ಎಂದನು. ನಾನು ಗಾಜಿನ ಈಚೆ, ಹರುಚಿಕನ ಕಣ್ಣಿಗೆ ಕಾಣುವಂತೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆ.

ಅವನು ಗುಂಡನ್ನು ಒತ್ತಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಎಗಾವ ನನ್ನ ಕಡೆ ತಿರುಗಿದನು.

“ಹಿರಿಯರೇ, ಇವರು ಉಸಿರಾಡ್ತಿದ್ದಾರೆ ತಾನೇ? ಹದಿನೇಳು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಇಂಥ ಚಿತ್ರ ಒಂದೂ ತೆಗೆದಿಲ್ಲ.”

“ನನ್ನ ಶಿಷ್ಯ,” ಎಂದೆ. ಆ ಎರಡು ಮಾತುಗಳನ್ನು ನೆನೆದರೆ ಇಂದಿಗೂ ನನಗೆ ಅನ್ನ ಇಳಿಯುವುದಿಲ್ಲ.

ವೈದ್ಯೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಕೂದಲೆಳೆ ಬಿಡಿಸಿ ಬರೆದಂಥ ಚಿತ್ರ. ಎರಡು ಬೂದು ಗೆರೆಗಳಿರಬೇಕಾದ ಕಡೆ ಬೆಳ್ಳಗಿನ ದ್ರವವು ನೇರವಾಗಿ ಮೂಳೆಯನ್ನೇ ಮುಟ್ಟಿ ನಿಂತಿತ್ತು. ಕೆಳಗೂ, ಮೇಲೂ.

“ಚಿತ್ರದಲ್ಲೇ ಏನಾದ್ರೂ ತಪ್ಪಿರಬಹುದಲ್ಲ, ಡಾಕ್ಟ್ರೇ?”

“ಅಲುಗಾಡಿದ್ರೆ ಹಾಗನ್ನಬಹುದಿತ್ತು, ಯಜಮಾನ್ರೇ. ಇದು ಅಂಗೈ ಮೇಲಿಟ್ಟ ಹಾಗಿದೆ. ನಾಟಿಯ ಮಾತು ಇನ್ನು ಬೇಡ. ಕೃತಕ ಕೀಲು ಹಾಕಿದ್ರೂ ನಿಮಗೆ ಬೇಕಾದಷ್ಟು ಮಡಚಲ್ಲ. ಬೆಸೆಯೋದೇ.”

ಹರುಚಿಕ ಮೊದಲ ಸಲ ಬಾಯಿ ತೆರೆದನು. “ಕುರ್ಚಿ ಮೇಲೆ ಕೂರಬಹುದಾ?”

“ಎಷ್ಟು ಹೊತ್ತು ಬೇಕಾದ್ರೂ.”

“ಸಾಕು ಬಿಡಿ,” ಎಂದು ಅವನು ನಕ್ಕನು. ನಾನು ನಗಲಿಲ್ಲ, ವೈದ್ಯೆಯೂ ನಗಲಿಲ್ಲ.

ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡಲು ನಮ್ಮನ್ನು ಕರೆಯುವವರೆಗೆ ಹೊರಗಿನ ಸಾಲುಕುರ್ಚಿಯಲ್ಲಿ ಕಾಯಬೇಕಾಯಿತು. ನಾಣ್ಯ ಹಾಕುವ ಮಾರಾಟದ ಯಂತ್ರದಿಂದ ತಂದ ಬಿಸಿ ಚಹಾದ ಡಬ್ಬಿಯನ್ನು ಅವನು ತೆರೆಯದೆ ಎರಡು ಕೈಗಳಲ್ಲಿ ಹಿಡಿದುಕೊಂಡಿದ್ದನು.

“ಮೇ ತಿಂಗಳಲ್ಲಿ ನಾನು ಬೇಕಂತಲೇ ಹೆಬ್ಬೆರಳು ಆಡಿಸ್ತಾ ಇದ್ದೆ, ಗುರುಗಳೇ.”

ನನಗೆ ಅರ್ಥವಾಗಲಿಲ್ಲ. “ಯಾಕೆ?”

“ಒಳಗೆ ಮೂಳೆಗೆ ಮೂಳೆ ಉಜ್ಜೋದು ಎರಡು ವರ್ಷದಿಂದ ಗೊತ್ತಿತ್ತು ನನಗೆ. ಚಿತ್ರದಲ್ಲಿ ಕಾಣದೇ ಇದ್ರೆ ಒಂದು ಬೇಸಿಗೆಯಾದ್ರೂ ಸಿಗುತ್ತೆ ಅನ್ನಿಸ್ತು. ಸಿಕ್ತಲ್ಲ, ನಮ್ಮಿಬ್ಬರಿಗೂ.”

“ಮತ್ತೆ ಇವತ್ತೂ ಆಡಿಸಬಹುದಿತ್ತಲ್ಲೋ!” ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದೀತೆಂದು ನಾನು ಎಣಿಸಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಳು.

“ನೀವು ಗಾಜಿನಾಚೆ ಕೂತಿದ್ರಲ್ಲ,” ಎಂದನು ಹರುಚಿಕ. “ನಿಮ್ಮೆದುರು ಅಲುಗಾಡೋದು ನನಗೆ ಬರಲ್ಲ, ಗುರುಗಳೇ.”

ಅವನ ಹೆಸರನ್ನು ಕರೆದರು. ಅವನು ಎದ್ದನು, ಎಡಗಾಲು ಕುಸಿಯಿತು, ಕೈ ಚಾಚಿ ಕುರ್ಚಿಯ ಬೆನ್ನನ್ನು ಹಿಡಿದುಕೊಂಡನು. ಹಿಡಿಯಬೇಡ ಎಂಬ ಮಾತು ಇಪ್ಪತ್ತೆಂಟು ವರ್ಷಗಳ ರೂಢಿಯಿಂದ ನನ್ನ ನಾಲಗೆಯ ತುದಿಗೆ ಬಂದುಬಿಟ್ಟಿತು. ಹಲ್ಲು ಕಚ್ಚಿ ಅದನ್ನು ತಡೆದೆ. ಆದರೂ ಅವನು ನನ್ನ ಮುಖವನ್ನು ಒಮ್ಮೆ ನೋಡಿ, ಕುರ್ಚಿಯಿಂದ ಕೈ ತೆಗೆದು, ತೂಗಾಡದೆ ನೆಟ್ಟಗೆ ನಿಂತುಕೊಂಡನು.