ಸೋಮವಾರದ ಸೈಕಲ್ಲು

ನಮ್ಮೂರಿಗೆ ಬಂದ ಮೊದಲ ಸೈಕಲ್ಲು ನನ್ನದು. ಜಂಬಕ್ಕೆ ಹೇಳುತ್ತಾನೆ ಅಂದುಕೊಂಡರೆ ಅಂದುಕೊಳ್ಳಿ, ನನಗೇನೂ ನಷ್ಟವಿಲ್ಲ. ಆಗ ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳ್ಳಾರಿ ಮದರಾಸಿನವರ ಕೈಯಲ್ಲಿತ್ತು, ಮದರಾಸು ಬಿಳಿಯರ ಕೈಯಲ್ಲಿತ್ತು. ನನ್ನ ಕೈಯಲ್ಲಿದ್ದದ್ದು ಸೈಕಲ್ಲೊಂದೇ. ವರ್ಗವಾಗಿ ಹೋಗುತ್ತಿದ್ದ ಒಬ್ಬ ರೆವಿನ್ಯೂ ಇನ್‌ಸ್ಪೆಕ್ಟರರಿಂದ ಕೊಂಡಿದ್ದೆ. ಹಳೆಯದೇ, ಸೀಟು ಹರಿದಿತ್ತು. ಆದರೂ ಅದರ ಗಂಟೆ ಬಾರಿಸಿದರೆ ಊರ ನಾಯಿಗಳೆಲ್ಲ ದಾರಿ ಬಿಟ್ಟು ಕಣದ ಕಡೆ ಓಡುತ್ತಿದ್ದವು.

ನನ್ನ ಹೆಸರು ತಿಪ್ಪಯ್ಯ, ಕಸುಬು ಹೊಲಿಗೆ. ಒಕ್ಕಲುತನದ ಮನೆಯವನಿಗೆ ಸೂಜಿ ಯಾಕೆ ಎಂದು ಕೇಳಿದವರು ಬೇಕಾದಷ್ಟು ಜನ. ಅಪ್ಪ ತೀರಿಕೊಂಡ ವರ್ಷವೇ ಜೋಡೆತ್ತಿನಲ್ಲಿ ಒಂದಕ್ಕೆ ರೋಗ ಬಂದು ಸತ್ತಿತು. ಒಂಟೆತ್ತು ಕಟ್ಟಿಕೊಂಡು ಉಳುವುದೆಲ್ಲಿ ಬಂತು? ಹೊಲವನ್ನು ಪಾಲಿಗೆ ಕೊಟ್ಟು ಬಳ್ಳಾರಿಗೆ ಹೋದೆ. ಕೌಲ್ ಬಜಾರಿನಲ್ಲಿ ಒಬ್ಬ ಸಾಹೇಬರ ಕೈಕೆಳಗೆ ಕೂತು ಕಸುಬು ಕಲಿತೆ. ಹೊರಡುವಾಗ ಅವರು ತಮ್ಮ ಹಳೆಯ ಕೈಮಿಷನ್ನನ್ನು ನನಗೇ ಕೊಟ್ಟುಬಿಟ್ಟರು. ಪುಣ್ಯಾತ್ಮರು, ದಿನಾ ಬೈಯುತ್ತಿದ್ದರು, ಆದರೆ ಕೈ ಬಿಚ್ಚಿ ಕೊಟ್ಟರು.

ರಾಯದುರ್ಗದ ಬಜಾರಿನಲ್ಲಿ ಒಬ್ಬ ಜವಳಿ ಸಾಹುಕಾರರ ಅಂಗಡಿಯ ಜಗಲಿಯ ಮೇಲೆ ನನಗೆ ಕೂರಲು ಜಾಗ ಸಿಕ್ಕಿತು. ಒಳಗೆ ಬಟ್ಟೆ ಕೊಂಡವರು ಹೊರಗೆ ನನ್ನ ಹತ್ತಿರ ಅಳತೆ ಕೊಟ್ಟು ಹೋಗುತ್ತಿದ್ದರು. ಆ ಜಗಲಿ ಇರುವ ತನಕ ನಮ್ಮ ಮನೆಯ ಒಲೆ ಉರಿಯುತ್ತಿತ್ತು. ಅದು ತಪ್ಪಿದರೆ ಬಳ್ಳಾರಿಯ ಕಡೆ ಕೂಲಿಗೆ ಹೋಗುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಮಿಷನ್ನನ್ನು ಜಗಲಿಯಲ್ಲಿ ಬಿಟ್ಟು ಬರುವಂತಿರಲಿಲ್ಲ, ಕಳ್ಳರಿಗೆ ಹೊಲಿಗೆ ಬರದಿದ್ದರೂ ಮಾರಲು ಬರುತ್ತದೆ. ನಮ್ಮೂರಿಗೂ ಪೇಟೆಗೂ ಎರಡು ಹರದಾರಿ, ಅಂದರೆ ಐದಾರು ಮೈಲಿ. ಬೆಳಿಗ್ಗೆ ಹೊತ್ತು ಒಯ್ಯಬೇಕು, ಸಂಜೆ ಹೊತ್ತು ತರಬೇಕು. ತಲೆ ಚಪ್ಪಟೆಯಾಗುವ ಮೊದಲು ಒಂಟೆತ್ತನ್ನು ಮಾರಿ ಸೈಕಲ್ಲು ತರೋಣ ಅಂದೆ. ಅವ್ವ ಮೂರನೆಯ ದಿನಕ್ಕೆ ಆಗಲಿ ಅಂದಳು.

ನನ್ನ ಸೈಕಲ್ಲು ಹೊರಡುವುದನ್ನು ನೋಡಲು ಜನ ಬಾಗಿಲಿಗೆ ಬರುತ್ತಿದ್ದರು. ಹಿಂದಿನ ಕ್ಯಾರಿಯರಿನಲ್ಲಿ ಮರದ ಪೆಟ್ಟಿಗೆ ಸಮೇತ ಮಿಷನ್ನು, ಅದರ ಮೇಲೆ ಹೊಲಿದ ಬಟ್ಟೆಯ ಗಂಟು, ನಡುವಿನ ಕಂಬಿಗೆ ಉದ್ದಕ್ಕೆ ಕಟ್ಟಿದ ಗಜಕಡ್ಡಿ, ಹ್ಯಾಂಡಲಿನ ಬಲಕ್ಕೆ ಇಸ್ತ್ರಿ ಪೆಟ್ಟಿಗೆ, ಎಡಕ್ಕೆ ರೊಟ್ಟಿ ಗಂಟು ಮತ್ತು ಇದ್ದಿಲಿನ ಚೀಲ. ಕತ್ತರಿ ನನ್ನ ಸೊಂಟದಲ್ಲಿ. ಇಸ್ತ್ರಿ ಪೆಟ್ಟಿಗೆಯ ಭಾರಕ್ಕೆ ಸೈಕಲ್ಲು ಸದಾ ಬಲಕ್ಕೇ ಎಳೆಯುತ್ತಿತ್ತು, ನಾನು ಎಡಕ್ಕೆ ವಾಲಿಕೊಂಡೇ ತುಳಿಯುತ್ತಿದ್ದೆ. ಎದುರು ಸಿಕ್ಕವರಿಗೆ ನಾನು ಯಾವ ಕಡೆ ಬೀಳುತ್ತೇನೆಂಬ ಯೋಚನೆ. ಒಂದು ದಿನವೂ ಬಿದ್ದವನಲ್ಲ. ಒಂದು ದಿನ ಬಿದ್ದೆ, ಅದು ಲೆಕ್ಕಕ್ಕಿಲ್ಲ.

ನಮ್ಮವ್ವ ಗುರುಬಸಮ್ಮ ಸೈಕಲ್ಲಿಗೆ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಹ್ಯಾಂಡಲಿಗೆ ವಿಭೂತಿ ಬಳಿದಳು. ಕೊಟ್ಟಿಗೆಯಲ್ಲಿ ಎತ್ತು ಕಟ್ಟುತ್ತಿದ್ದ ಜಾಗವನ್ನೇ ಸಾರಿಸಿ ಅಲ್ಲಿ ನಿಲ್ಲಿಸಿದಳು. ಇಷ್ಟಕ್ಕೆ ನನ್ನ ತಕರಾರಿರಲಿಲ್ಲ. ಮೊದಲ ಸೋಮವಾರ ಬಂದಾಗ ತಕರಾರು ಶುರುವಾಯಿತು.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಆ ದಿನ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲ ಹದಕ್ಕೆ ಬಂದಿರಲಿ, ಮನೆಗೆ ಬೆಂಕಿ ಬಿದ್ದಿರಲಿ, ಎತ್ತು ಮಲಗಿ ಮೆಲುಕು ಹಾಕುತ್ತಿರುತ್ತದೆ. ಮನುಷ್ಯರು ಬೇಕಾದರೆ ದುಡಿಯಬಹುದು. ಆ ಬೆಳಿಗ್ಗೆ ನಾನು ಪೆಟ್ಟಿಗೆ ಕಟ್ಟಲು ಹಗ್ಗ ತೆಗೆದರೆ ಅವ್ವ ಬಂದು ಹಗ್ಗ ಹಿಡಿದಳು. ಇವತ್ತು ಇದನ್ನು ಹೂಡಬೇಡ ಅಂದಳು. ಇದು ಕಬ್ಬಿಣ ಕಣವ್ವ ಅಂದೆ.

"ಎತ್ತಿನ ಬದ್ಲಿಗೆ ಬಂದೈತಿ, ಎತ್ತಿನ ದುಡಿಮಿ ದುಡಿತೈತಿ. ಎತ್ತಿನ ಸೋಮಾರ ಅದಕ್ಕ ಬ್ಯಾಡೇನು?" ಅಂದಳು ಅವ್ವ.

ಇಂಥ ಮಾತಿಗೆ ಏನು ಹೇಳುತ್ತೀರಿ? ಹುಲ್ಲು ತಿನ್ನುತ್ತದೆಯೇ ಅಂದೆ, ಗಾಳಿ ಕುಡಿಯುತ್ತದಲ್ಲ ಅಂದಳು. ಕೊಂಬೆಲ್ಲಿವೆ ಅಂದೆ, ಹ್ಯಾಂಡಲು ತೋರಿಸಿದಳು. ನನಗೆ ಮೂಗಿನ ತುದಿಯಲ್ಲಿ ಕೋಪ, ಊರಿಗೇ ಗೊತ್ತು. ಆದರೆ ನಮ್ಮವ್ವನ ಮುಂದೆ ನನ್ನ ಕೋಪ ಹಸಿ ಸೌದೆ, ಬರೀ ಹೊಗೆ. ಮಿಷನ್ನನ್ನು ತಲೆಯ ಮೇಲೆ ಹೊತ್ತು ನಡೆದೆ.

ಹೀಗೆ ವಾರವಿಡೀ ಸವಾರಿ, ಸೋಮವಾರ ನಡಿಗೆ. ಎಷ್ಟು ಬೇಗ ಹೊರಟರೂ ಸೋಮವಾರ ಮಾತ್ರ ನಾನು ತಲುಪುವ ಹೊತ್ತಿಗೆ ಅಂಗಡಿ ತೆರೆದು, ಬಿಸಿಲು ಜಗಲಿ ಹತ್ತಿರುತ್ತಿತ್ತು. ಸೈಕಲ್ಲೆಲ್ಲಿ ಎಂದು ಬಜಾರಿನವರು ಕೇಳಿದರೆ ಪಂಚರ್ ಅನ್ನುತ್ತಿದ್ದೆ. ಅವ್ವನ ಮಾತು ಹೇಳಿದರೆ ನಗುತ್ತಾರೆ, ಅವ್ವನನ್ನು ನೋಡಿ ನಕ್ಕರೆ ನಾನು ಹೊಡೆಯುತ್ತೇನೆ. ಪಂಚರ್ ಅನ್ನುವುದೇ ವಾಸಿ. ಕೊನೆಗೆ ಪಂಚರ್ ಹಾಕುವವನೇ ಜಗಳಕ್ಕೆ ಬಂದ. ಪ್ರತಿ ವಾರ ನಿನ್ನ ಟ್ಯೂಬಿಗೆ ತೇಪೆ ಹಾಕುತ್ತಿರುವ ಆ ಇನ್ನೊಬ್ಬ ಯಾರು, ನನ್ನ ಕೆಲಸದಲ್ಲಿ ಏನು ಕೊರತೆ ಕಂಡೆ ಎಂದು ಕೇಳಿದ. ಅವನನ್ನು ಸಮಾಧಾನ ಮಾಡಲು ಒಂದು ಚಹಾ ಕುಡಿಸಬೇಕಾಯಿತು.

ಅದೇ ಹೊತ್ತಿಗೆ ಮಡಕಶಿರಾ ಕಡೆಯಿಂದ ಚಿತ್ತಪ್ಪ ಎಂಬ ಹೊಲಿಗೆಯವನು ಬಂದು ಬಜಾರಿನ ಹಿಂದಿನ ಓಣಿಯಲ್ಲೇ ಮನೆ ಹಿಡಿದ. ಅವನದು ಕಾಲಲ್ಲಿ ತುಳಿಯುವ ಮಿಷನ್ನು. ಅಂಗಡಿಯ ಬೀಗ ತೆಗೆಯುವ ಮೊದಲೇ ಬಂದು ಸಾಹುಕಾರರಿಗೆ ಕೈಮುಗಿದು ನಿಂತಿರುತ್ತಿದ್ದ. ಒಂದು ಶನಿವಾರ ಸಾಹುಕಾರರು ನನ್ನನ್ನು ಒಳಗೆ ಕರೆದರು. ಸೋಮವಾರ ಹಳ್ಳಿಯ ದೊಡ್ಡ ಕುಳವೊಂದು ಮದುವೆಯ ಜವಳಿಗೆ ಬರುತ್ತಿದೆ, ಮನೆಮಂದಿಗೆಲ್ಲ ಬಟ್ಟೆ ಹೊಲಿಸುತ್ತಾರೆ ಅಂದರು. ಆಮೇಲೆ ತೆಲುಗು ಬೆರೆಸಿದ ತಮ್ಮ ಮಾತಿನಲ್ಲಿ ನಿಧಾನಕ್ಕೆ ಹೇಳಿದರು.

"ಚೂಡಯ್ಯಾ ತಿಪ್ಪಯ್ಯಾ, ಆವತ್ತು ಬಾಗಿಲು ತೆಗೆಯೋ ಹೊತ್ತಿಗೆ ಯಾರು ಜಗಲಿ ಮೇಲಿರ್ತಾರೋ ಜಗಲಿ ಅವರ್ದು. ನಿನ್ನ ಪಂಚರ್ ಪುರಾಣ ನನಗೆ ಬ್ಯಾಡ."

ಭಾನುವಾರ ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ನಾಳೆ ಒಂದು ದಿನ ಸೈಕಲ್ಲು ಬಿಡವ್ವ ಅಂದೆ. ಅವಳು ಮೊರ ಎಳೆದುಕೊಂಡು ರಾಗಿ ಕೇರುತ್ತ ಕೂತಳು. ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಬಸವಣ್ಣ ಬೇಕಾದರೆ ನನ್ನ ಮೇಲೆ ಮುನಿದುಕೊಳ್ಳಲಿ, ಸಾಹುಕಾರರು ಮುನಿದುಕೊಂಡರೆ ನಾಳೆ ಉಣ್ಣುವುದೇನು?

ಬೆಳಗಾಗುತ್ತಲೇ ಕೊಟ್ಟಿಗೆಗೆ ಹೋದರೆ ಅವ್ವ ಸೈಕಲ್ಲಿನ ಮುಂದೆ ಕೂತಿದ್ದಾಳೆ. ಆಗ ನನಗೆ ಬಂತು ನೋಡಿ ಸಿಟ್ಟು. ಇದು ಎತ್ತಲ್ಲ, ನಿನ್ನ ಎತ್ತು ಮಾರಿ ಆಯಿತು, ಅದನ್ನು ಯಾರೋ ಹೂಡುತ್ತಿದ್ದಾರೆ, ಕಬ್ಬಿಣಕ್ಕೆ ಪೂಜೆ ಮಾಡಿದರೆ ಅದು ತಿರುಗಿ ಬರುವುದಿಲ್ಲ ಎಂದು ಕೂಗಿದೆ. ಅವ್ವ ತಿರುಗಿ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಎತ್ತು ಕೊಂಡ ದಲ್ಲಾಳಿ ಅದನ್ನ ಒಯ್ಯಾಕ ಬಂದಿದ್ದು ಸೋಮಾರ," ಅಂದಳು. "ಅವನ ಮುಂಗಡದ ರೊಕ್ಕ ತಗಂಡು ನೀನು ಸೈಕಲ್ಲು ತರಾಕ ರಾಯದುರ್ಗಕ್ಕ ಹೋಗಿದ್ದಿ. ಎತ್ತು ಇಲ್ಲೇ ಮಲಗಿತ್ತು. ಇವತ್ತು ನನ್ನ ವಾರ ಅಂತ ಅದಕ್ಕ ಗೊತ್ತಿತ್ತಪ್ಪ, ಏಳಲೇ ಇಲ್ಲ. ಅವನು ಬಾರಕೋಲು ಎತ್ತಿದ. ಹೊಡಿಬ್ಯಾಡ ಅಂದು ನಾನೇ ಬಾಲ ತಿರುವಿ ಎಬ್ಬಿಸಿದೆ. ನಾನು ಎಬ್ಬಿಸೀನಿ ಅಂತ ಎದ್ದು, ಅವನ ಹಿಂದ ಹೋತು."

ಇಷ್ಟು ಹೇಳಿ ಎದ್ದು, ಸೆರಗಿನಿಂದ ಸೀಟು ಒರೆಸಿದಳು. "ತಗಂಡು ಹೋಗು. ನಿನ್ನ ಅನ್ನ ನಾನು ಕಳೀಬಾರ್ದು," ಅಂದು ಒಳಗೆ ಹೋದಳು.

ಅವಳು ಹಿಡಿದುಕೊಂಡಿದ್ದರೆ ಕಿತ್ತುಕೊಂಡು ಹೋಗುತ್ತಿದ್ದೆ. ಬಿಟ್ಟುಕೊಟ್ಟ ಮೇಲೆ ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಹ್ಯಾಂಡಲು ಹಿಡಿದೆ, ಬಿಟ್ಟೆ. ಮತ್ತೆ ಹಿಡಿದೆ. ಅವ್ವನ ಮೇಲೆ, ದಲ್ಲಾಳಿಯ ಮೇಲೆ, ಆ ಎತ್ತಿನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಕೊನೆಗೆ ಸಿಂಬಿ ಸುತ್ತಿ ತಲೆಗಿಟ್ಟು, ಮಿಷನ್ನು ಹೊತ್ತು, ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಓಟ ಕಿತ್ತೆ. ಅರ್ಧ ಹರದಾರಿಗೆ ಓಟ ನಡಿಗೆಯಾಯಿತು, ಆಮೇಲೆ ನಡಿಗೆಯೂ ಕುಂಟಿತು.

ದಾರಿಯಲ್ಲಿ ಒಂದು ಬಂಡಿಯೂ ಇಲ್ಲ, ಸೋಮವಾರ ಬಂಡಿ ಎಲ್ಲಿಂದ ಬರಬೇಕು? ಆದರೆ ನನ್ನ ಮುಂದೆ ಜನರ ಗುಂಪೊಂದು ನಡೆದು ಹೋಗುತ್ತಿತ್ತು. ಹತ್ತಿರ ಹೋದರೆ ನಮ್ಮೂರಿನಾಚೆಯ ಹಳ್ಳಿಯ ದ್ಯಾಮಮ್ಮ, ಅವಳ ಮಗ ಪಾಲಯ್ಯ, ಹಿಂದೆ ನಾಲ್ಕಾರು ಹೆಣ್ಣುಮಕ್ಕಳು. ನನಗೆ ಮುಖಪರಿಚಯ ಅಷ್ಟೆ. ಪಾಲಯ್ಯನ ತಂಗಿಯ ಮದುವೆಯಂತೆ, ಸೋಮವಾರ ಒಳ್ಳೆಯ ದಿನವೆಂದು ಜವಳಿಗೆ ಹೊರಟಿದ್ದರಂತೆ, ಎತ್ತು ಹೂಡುವಂತಿಲ್ಲವಾದ್ದರಿಂದ ನಡೆದೇ ಬಂದರಂತೆ. ಸಾಹುಕಾರರು ಹೇಳಿದ ದೊಡ್ಡ ಕುಳ ಇವರೇ ಎಂದು ನನಗೆ ಹೊಳೆಯಿತು.

"ಸೈಕಲ್ಲು ಇಟ್ಕೊಂಡು ತೆಲಿಮ್ಯಾಲೆ ಯಾಕ ಹೊತ್ತೀಯಪ್ಪಾ?" ಎಂದು ದ್ಯಾಮಮ್ಮ ಕೇಳಿದಳು. ರೂಢಿಯ ಬಲದಿಂದ ಪಂಚರ್ ಅಂದೆ. ಹಾಗೆಂದವನಿಗೆ ಅವ್ವ ಸೀಟು ಒರೆಸಿದ್ದು ಕಣ್ಣಿಗೆ ಕಟ್ಟಿತು. ಸುಳ್ಳು ಹೇಳಿದೆ ನೋಡ್ರಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ, ಎತ್ತಿನ ಕಥೆಯನ್ನೂ ಸೇರಿಸಿ. ಪಾಲಯ್ಯ ಕಿಸಕ್ಕನೆ ನಕ್ಕ. ದ್ಯಾಮಮ್ಮ ಅವನ ಕಡೆ ಒಂದು ನೋಟ ನೋಡಿದ್ದಕ್ಕೆ ಬಾಯಿ ಮುಚ್ಚಿದ. ಆಮೇಲೆ ಅವಳು ಪಾಲಯ್ಯನಿಗೆ ಕೈಸನ್ನೆ ಮಾಡಿದಳು. ಅವನು ನನ್ನ ಇಸ್ತ್ರಿ ಪೆಟ್ಟಿಗೆ ಇಸಿದುಕೊಂಡ.

ನಾವು ತಲುಪುವ ಹೊತ್ತಿಗೆ ಅಂಗಡಿ ತೆರೆದು ಬಹಳ ಹೊತ್ತಾಗಿತ್ತು. ನಾನು ಕೂರುತ್ತಿದ್ದ ಕಡೆ ಚಿತ್ತಪ್ಪನ ಮಿಷನ್ನು ನಾಲ್ಕು ಕಾಲೂರಿ ನಿಂತಿತ್ತು. "ಬೇಜಾರ್ ಮಾಡ್ಕಬ್ಯಾಡ ಕಣಣ್ಣೋ, ಹೊಟ್ಟೆಪಾಡು," ಅಂದ ಚಿತ್ತಪ್ಪ. ಅವನನ್ನು ಬೈಯಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ, ಅವನ ಮುಖದಲ್ಲೂ ಹಸಿವಿತ್ತು. ಸಾಹುಕಾರರು ನನ್ನ ಕಡೆ ನೋಡಲೇ ಇಲ್ಲ. ಬೀದಿಯಲ್ಲಿ ಮಿಷನ್ನು ಇಳಿಸಿ ಅದರ ಪಕ್ಕ ಕೂತೆ. ಮುಂದಿನ ವಾರ ಯಾವ ಕೂಲಿ ಮೇಸ್ತ್ರಿಯ ಕಾಲು ಹಿಡಿಯಬೇಕೆಂದು ಯೋಚಿಸುತ್ತಿದ್ದೆ.

ಒಳಗೆ ಜವಳಿ ಮುಗಿಯಲು ಮಧ್ಯಾಹ್ನವಾಯಿತು. ಸೀರೆ, ಕುಪ್ಪಸದ ಕಣ, ಅಂಗಿಯ ಬಟ್ಟೆ ಎಲ್ಲ ಹೊರಗೆ ಬಂತು. ಅಳತೆ ಇಲ್ಲಿ ಕೊಡಿ ಎಂದು ಸಾಹುಕಾರರು ಚಿತ್ತಪ್ಪನನ್ನು ತೋರಿಸಿದರು. ದ್ಯಾಮಮ್ಮ ಗಂಟನ್ನು ತಂದು ನನ್ನ ಮುಂದೆ ಇಟ್ಟಳು. ಕತ್ತರಿ ಇವನೇ ಹಾಕಲಿ ಅಂದಳು. ಅವನಿಗೆ ಇಲ್ಲಿ ಜಾಗ ಇಲ್ಲವಮ್ಮಾ ಅಂದರು ಸಾಹುಕಾರರು.

"ನಿಮ್ಮ ಜಗಲಿ ನಿಮಗಿರ್ಲಿ ಬಿಡ್ರಿ, ನಮ್ಮನಿಗೂ ಜಗಲಿ ಐತಿ," ಅಂದಳು ದ್ಯಾಮಮ್ಮ. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಂಗಿಲ್ಲ ಅಂತಾರ, ಹೊಲಿಯೋರೂ ಅಷ್ಟ. ಕಬ್ಬಿಣದೆತ್ತಿಗೂ ವಾರ ಬಿಡೋ ಮನಿಯವನು ನಮ್ಮ ಬಟ್ಯಾಗ ಗೇಣು ಕದಿಯಂಗಿಲ್ಲ."

ಬೀದಿಯವರೆಲ್ಲ ನಕ್ಕರು. ಪಂಚರ್ ಹಾಕುವವನು ಎಲ್ಲರಿಗಿಂತ ಜೋರಾಗಿ ನಕ್ಕ, ಪಾಪ, ಅವನ ಸಂಶಯ ಅವತ್ತಿಗೆ ಹರಿಯಿತು. ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗಜಕಡ್ಡಿ ತಂದಿರಲಿಲ್ಲವಾದ್ದರಿಂದ ಚಿತ್ತಪ್ಪನದನ್ನೇ ಕೇಳಿ ಇಸಿದುಕೊಂಡು ಬೀದಿಯಲ್ಲೇ ನಿಂತು ಬಟ್ಟೆ ಅಳೆದು ನೋಡಿದೆ. ಸರಿಯಾಗಿತ್ತು.

ಸಂಜೆ ಅವ್ವನಿಗೆ ಜಗಲಿ ಹೋಯಿತು ಅಂದೆ. ಸೈಕಲ್ಲನ್ನು ನಾನು ಬಿಟ್ಟು ಹೋದದ್ದು ಅವಳಿಗೆ ಆಗಲೇ ಗೊತ್ತಿತ್ತು. ದ್ಯಾಮಮ್ಮನ ಮನೆಯ ಕೆಲಸ ಹೇಳಿದೆ. ಮದುವೆ ಮುಗಿದ ಮೇಲೆ ಏನು ಮಾಡುತ್ತೀ ಎಂದು ಕೇಳಿದಳು. ಇನ್ನೊಂದು ಮನೆ, ಇನ್ನೊಂದು ಊರು, ಸೈಕಲ್ಲಿದೆಯಲ್ಲ ಅಂದೆ. ಅವ್ವ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

"ಇನ್ನ ಮ್ಯಾಲೆ ಯಾವ ಸಾಹುಕಾರನೂ ಕೇಳಂಗಿಲ್ಲಲ್ಲ," ಅಂದಳು. "ಸೋಮಾರ ನೀನೂ ಮನ್ಯಾಗಿರು."

ಮಂಗಳವಾರ ಕೆಲಸ ಶುರು ಮಾಡಬಾರದೆಂದು ಬುಧವಾರದಿಂದ ದ್ಯಾಮಮ್ಮನ ಜಗಲಿಗೆ ಸೈಕಲ್ಲು ತುಳಿದೆ. ವಾರವೆಲ್ಲ ಬಿಸಿಲೇರುವ ಮೊದಲೇ ಹೊರಟು, ಕುಪ್ಪಸ ಹೊಲಿದೂ ಹೊಲಿದೂ ಬೆನ್ನು ಬಿದ್ದುಹೋಯಿತು. ಭಾನುವಾರ ಸಂಜೆ ಬಂದು ಉಂಡು ಮಲಗಿದವನಿಗೆ ಎಚ್ಚರವಾದಾಗ ಬಿಸಿಲು ಹಿತ್ತಲು ದಾಟಿ ಹಾಸಿಗೆಯ ಹತ್ತಿರ ಬಂದಿತ್ತು. ಗಾಬರಿಯಾಗಿ ಎದ್ದು ಕೂತೆ, ಆಮೇಲೆ ವಾರ ಯಾವುದೆಂದು ನೆನಪಾಯಿತು. ಅವ್ವ ಸದ್ದಿಲ್ಲದೆ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ಎಬ್ಬಿಸಿರಲಿಲ್ಲ.