ಅಣ್ಣಮ್ಮನ ಬಾಯಿ ಯಾಕೆ ಒಣಗಿತು?

ಮನೆಯಲ್ಲಿ ಒಂದು ಸಾಮಾನು ಕಾಣೆಯಾಯಿತು ಅಂದುಕೊಳ್ಳಿ. ನಾವು ಮೊದಲು ಏನು ಹುಡುಕುತ್ತೇವೆ? ಸಾಮಾನನ್ನಲ್ಲ, ಕಳ್ಳನನ್ನು. ಜಾವಳಿ ಕಡೆಯ ಕಾಫಿ ತೋಟದ ಯಜಮಾನಿ ನಂಜಮ್ಮನವರೂ ಅದನ್ನೇ ಮಾಡಿದರು.

ಎರಡು ಸಾವಿರದ ಎರಡನೇ ಇಸವಿಯ ಜನವರಿ. ಕಾಫಿ ಕೊಯ್ಲು ಜೋರಾಗಿತ್ತು. ಬೆಳಿಗ್ಗೆ ಕಡುಬಿನ ಹಿಟ್ಟು ನಾದುವುದಕ್ಕೆಂದು ನಂಜಮ್ಮನವರು ಬಲಗೈಯ ಚಿನ್ನದ ಬಳೆ ಬಿಚ್ಚಿ ಅಡುಗೆಮನೆಯ ಕಿಟಕಿಯ ಮೇಲಿಟ್ಟರು. ಕಡುಬು ಬೆಂದಿತು, ಮನೆಯವರು ತಿಂದರು, ಪಾತ್ರೆಯೂ ತೊಳೆದಾಯಿತು. ಹತ್ತು ಗಂಟೆಗೆ ಕೈ ನೋಡಿಕೊಂಡರೆ ಬಳೆ ಇಲ್ಲ! ಕಿಟಕಿಯ ಮೇಲೂ ಇಲ್ಲ. ಆ ಕಿಟಕಿಯ ಆಚೆಗೇ ಕಾಫಿ ಒಣಗಿಸುವ ಕಣ. ಅವತ್ತು ಕಣದಲ್ಲಿ ಏಳು ಜನ ಕೆಲಸ ಮಾಡುತ್ತಿದ್ದರು.

ಇಂಥದ್ದಕ್ಕೆಲ್ಲ ನಂಜಮ್ಮನವರ ಹತ್ತಿರ ಅತ್ತೆಯ ಕಾಲದಿಂದ ಬಂದ ಒಂದು ಉಪಾಯವಿತ್ತು. ಹಿತ್ತಾಳೆ ಡಬ್ಬಿಯಲ್ಲಿ ಅಕ್ಕಿ ತುಂಬಿ ದೇವರ ಮುಂದೆ ಇಡುವುದು. ಯಾರ ಮೇಲೆ ಅನುಮಾನವೋ ಅವರಿಗೆಲ್ಲ ಒಂದೊಂದು ಸಣ್ಣ ಹಿಡಿ ಕೊಡುವುದು. ಅವರು ಅಗಿದು ಬಾಳೆಲೆಯ ಚೂರಿನ ಮೇಲೆ ಉಗುಳಬೇಕು. ಅಕ್ಕಿ ಒದ್ದೆಯಾಗಿದ್ದರೆ ಅವರು ಸಾಚಾ. ಒಣ ಹಿಟ್ಟಾಗಿ ಬಿದ್ದರೆ ಕಳ್ಳರು. ಅಕ್ಕಪಕ್ಕದ ತೋಟದವರೂ ಏನಾದರೂ ಕಳೆದರೆ ಈ ಡಬ್ಬಿಯನ್ನು ಕೇಳಿಕೊಂಡು ಬರುತ್ತಿದ್ದರು. ಆಗೆಲ್ಲ ನಂಜಮ್ಮನವರಿಗೆ ಒಳಗೊಳಗೇ ಹೆಮ್ಮೆ.

ಏಳೂ ಜನ ಸಾಲಾಗಿ ನಿಂತರು. ಮೇಸ್ತ್ರಿ ಭೂತಯ್ಯ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಅಕ್ಕಿ ಅಗಿದ. ಒದ್ದೆ. ಸಿದ್ದಮ್ಮನದೂ ಒದ್ದೆ. ಆರು ಜನರದು ಹೀಗೇ ಮುಗಿಯಿತು. ಕೊನೆಗೆ ಬಂದವಳು ಅಣ್ಣಮ್ಮ. ಅವಳು ಅಗಿದೇ ಅಗಿದಳು. ಉಗುಳಲು ಹೋದರೆ ನಾಲಿಗೆಗೆ ಅಂಟಿಕೊಂಡಿದ್ದ ಬಿಳಿ ಹಿಟ್ಟು ಬೀಳಲೂ ಇಲ್ಲ, ಬೆರಳಿನಿಂದ ತೆಗೆಯಬೇಕಾಯಿತು.

ಆಮೇಲೆ ಶುರುವಾಯಿತು ನೋಡಿ. ನಂಜಮ್ಮನವರು ಕೇಳಿದರು, ಅವರ ಯಜಮಾನರು ರಂಗನಾಥಯ್ಯ ಕೇಳಿದರು, ಭೂತಯ್ಯ ಕೇಳಿದ, ದಾರಿಯಲ್ಲಿ ಹೋಗುತ್ತಿದ್ದವರೂ ಬಂದು ನಾಲ್ಕು ಮಾತು ಕೇಳಿ ಹೋದರು. "ಒಪ್ಕೊಂಡ್ಬಿಡು ಮಾರಾಯ್ತಿ, ಅಲ್ಲಿಗೆ ಮುಗೀತು," ಎಂದ ಭೂತಯ್ಯ. ಮಧ್ಯಾಹ್ನದ ಊಟವೂ ಇಲ್ಲ. ಐದು ಗಂಟೆಯ ಹೊತ್ತಿಗೆ ಅಣ್ಣಮ್ಮ ಹೇಳಿದಳು, "ಹೂಂ. ನಾನೇ ತಗೊಂಡೆ."

"ಎಲ್ಲಿಟ್ಟೆ?"

"ಮೆಣಸಿನ ಬಳ್ಳಿ ಬುಡದಲ್ಲಿ."

ಅಗೆದರು. ಇಲ್ಲ. ಹಾಗಾದರೆ ಬಟ್ಟೆಯ ಗಂಟಿನಲ್ಲಿ ಎಂದಳು. ಗಂಟು ಬಿಚ್ಚಿ ಕೊಡವಿದರು. ಅಲ್ಲೂ ಇಲ್ಲ. ಕೆರೆಗೆ ಎಸೆದೆ ಎಂದಳು. ಇನ್ನು ಕೆರೆಯ ನೀರು ಖಾಲಿ ಮಾಡುವವರು ಯಾರು?

"ಬರೋ ಭಾನುವಾರ ಸಂಜೆಯೊಳಗೆ ಲೈನ್ ಮನೆ ಖಾಲಿ ಮಾಡು," ಎಂದರು ರಂಗನಾಥಯ್ಯ.

ಅಣ್ಣಮ್ಮನಿಗೆ ಗಂಡ ಇಲ್ಲ. ಮಗಳು ಅರ್ಚನಾ ಹತ್ತನೇ ಕ್ಲಾಸು, ಎರಡೇ ತಿಂಗಳಲ್ಲಿ ಪಬ್ಲಿಕ್ ಪರೀಕ್ಷೆ. ತೋಟದವರು ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಆ ಲೈನ್ ಮನೆ ಬಿಟ್ಟರೆ ಅವಳ ಶಾಲೆಯೂ ಬಿಟ್ಟ ಹಾಗೆಯೇ. ಬೇರೆ ತೋಟಕ್ಕೆ ಕೆಲಸ ಕೇಳಿಕೊಂಡು ಹೋದರೆ ಕಳ್ಳಿ ಎಂಬ ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ.

ನಂಜಮ್ಮನವರು ಕೆಟ್ಟವರಲ್ಲ. ಯಾರ ಮನೆಗೆ ಯಾವ ನೆಂಟರು ಯಾಕೆ ಬಂದರು ಎಂದು ತಿಳಿಯದೆ ಅನ್ನ ಇಳಿಯದ ಜೀವ, ಅಷ್ಟೇ. ಈಗಲೂ ಹಾಗೇ ಆಯಿತು. ಕಳ್ಳಿ ಸಿಕ್ಕಳು, ಸರಿ. ಆದರೆ ಕದ್ದವಳಿಗೆ ಎಲ್ಲಿಟ್ಟೆ ಎಂಬುದು ಗೊತ್ತಿರಬೇಡವೇ? ಮೂರು ಜಾಗ ಯಾಕೆ ಹೇಳಿದಳು? ಸಾರಿಗೆ ಉಪ್ಪು ಎರಡು ಸಲ ಹಾಕಿದರು ಅವತ್ತು.

ಗುರುವಾರ ಅವರ ತಂಗಿಯ ಮಗಳು ಶಾಲಿನಿ ಬಂದಳು. ಬೆಂಗಳೂರಿನಲ್ಲಿ ಏನೋ ದೊಡ್ಡ ಓದು ಓದುತ್ತಿದ್ದಳು. ಆ ಓದಿನ ಕೆಲಸಕ್ಕೇ ಚಿಕ್ಕಮಗಳೂರಿಗೆ ಬಂದವಳು, ದೊಡ್ಡಮ್ಮನ ಕೈಯ ಕಡುಬು ತಿಂದು ಹೋಗೋಣವೆಂದು ಬಸ್ಸು ಹತ್ತಿದ್ದಳು.

"ಎಂತ ಓದೇ ಅದು ನಿಂದು? ನಿಮ್ಮಮ್ಮನ್ನ ಕೇಳಿದ್ರೆ ಮನಸ್ಸಿಂದು ಅಂತಾಳೆ, ಕೋರ್ಟಿಂದು ಅಂತಾಳೆ."

"ಎರಡೂ ಹೌದು ದೊಡ್ಡಮ್ಮ. ಫೊರೆನ್ಸಿಕ್ ಸೈಕಾಲಜಿ ಅಂತ. ತಪ್ಪು ಮಾಡಿದವರ ಮನಸ್ಸು, ಸಾಕ್ಷಿ ಹೇಳೋರ ಮನಸ್ಸು, ವಿಚಾರಣೆ ಮಾಡೋರ ಮನಸ್ಸು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋದು. ನಾನು ಹುಡುಕ್ತಿರೋದು ಒಂದೇ ಪ್ರಶ್ನೆ. ಮಾಡದೇ ಇರೋ ತಪ್ಪನ್ನ ಜನ ಯಾಕೆ ಒಪ್ಕೊಳ್ತಾರೆ?"

"ಯಾರು ಒಪ್ಕೊಳ್ತಾರೆ? ಹೊಡೆದ್ರೆ ಒಪ್ಕೋಬಹುದು."

"ಹೊಡೀದೇನೂ ಒಪ್ಕೊಳ್ತಾರೆ. ಎಷ್ಟೋ ದೇಶದಲ್ಲಿ ಇದರ ಮೇಲೆ ಸಂಶೋಧನೆ ಆಗಿದೆ. ಊಟ ಇಲ್ಲ, ಜೊತೆಗೆ ಯಾರೂ ಇಲ್ಲ, ಕೇಳಿದ್ದನ್ನೇ ನೂರು ಸಲ ಕೇಳ್ತಾರೆ. ಕೊನೆಗೆ ಈ ಪ್ರಶ್ನೆ ನಿಂತ್ರೆ ಸಾಕು ಅನ್ಸಿ ಹೂಂ ಅಂದ್ಬಿಡ್ತಾರೆ. ಅದನ್ನೂ ಮೀರಿ, ಕೆಲವರಿಗೆ ತಮ್ಮ ನೆನಪಿನ ಮೇಲೇ ಸಂಶಯ ಬಂದ್ಬಿಡುತ್ತೆ. ನಿಜವಾಗ್ಲೂ ನಾನೇ ತಗೊಂಡ್ನಾ ಅಂತ."

ನಂಜಮ್ಮನವರು ಕಡುಬಿನ ತಟ್ಟೆ ಕೆಳಗಿಟ್ಟರು. ಬಳೆಯ ಕಥೆ ಪೂರ್ತಿ ಹೇಳಿದರು. ಶಾಲಿನಿ ನಡುವೆ ಬಾಯಿ ಹಾಕದೆ ಕೇಳಿದಳು.

"ಆದ್ರೆ ಅಕ್ಕಿ ಸುಳ್ಳು ಹೇಳಲ್ಲ ಕಣೇ. ನಮ್ಮತ್ತೆ ಕಾಲದಿಂದ ನೋಡಿದೀನಿ."

"ಅಕ್ಕಿ ಸುಳ್ಳು ಹೇಳಲ್ಲ ದೊಡ್ಡಮ್ಮ. ಬಾಯಲ್ಲಿ ನೀರಿದೆಯಾ ಇಲ್ವಾ ಅಂತ ಹೇಳುತ್ತೆ. ಅಷ್ಟೇ. ಮನುಷ್ಯ ಹೆದರಿದಾಗ ಬಾಯಿ ಒಣಗುತ್ತೆ. ಕದ್ದೋರಿಗೂ ಒಣಗುತ್ತೆ, ಕದೀದೇ ಸಿಕ್ಕಾಕ್ಕೊಂಡ್ರೆ ಗತಿ ಏನು ಅನ್ನೋರಿಗೂ ಒಣಗುತ್ತೆ. ಅದ್ಯಾವ ಹೆದರಿಕೆ ಅಂತ ಅಕ್ಕಿಗೆ ಹೇಗೆ ಗೊತ್ತಾಗ್ಬೇಕು?"

"ತಪ್ಪು ಮಾಡಿಲ್ಲ ಅಂದ್ಮೇಲೆ ಹೆದರಿಕೆ ಯಾಕೆ? ತಾ, ನಾನೇ ಅಗೀತೀನಿ," ಎಂದು ನಂಜಮ್ಮನವರು ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡು ಅಗಿದು ಅಂಗೈ ಮೇಲೆ ಉಗಿದು ತೋರಿಸಿದರು. ಒದ್ದೆ ಮುದ್ದೆ. "ಕಂಡ್ಯಾ?"

ಶಾಲಿನಿ ನಕ್ಕಳು. "ಇಲ್ಲಿ ಯಾರಿಗೆ ಹೆದರ್ತೀರಾ ನೀವು? ಭಾನುವಾರ ಎಲ್ಲರ ಮುಂದೆ ನೋಡೋಣ."

ಮಾರನೆಯ ದಿನ ಶಾಲಿನಿ ಒಬ್ಬಳೇ ಲೈನ್ ಮನೆಗೆ ಹೋದಳು. ಮಾತಾಡುವುದೂ ಬಿಡುವುದೂ ನಿಮ್ಮಿಷ್ಟ, ನೀವು ಹೇಳಿದ್ದು ನಿಮ್ಮನ್ನು ಕೇಳದೆ ಯಾರಿಗೂ ಹೋಗುವುದಿಲ್ಲ ಎಂದು ಮೊದಲೇ ತಿಳಿಸಿದಳು. ಅಣ್ಣಮ್ಮನಿಗೆ ಅದೇ ವಿಚಿತ್ರವಾಗಿ ಕಂಡಿತು. ಇಷ್ಟ ಇದೆಯಾ ಎಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ಒಂದು ಗಂಟೆ ಕಳೆದು ಶಾಲಿನಿ ಮನೆಗೆ ಬಂದಾಗ ದೊಡ್ಡಮ್ಮ ಜಗಲಿಯಲ್ಲೇ ಕಾಯುತ್ತಿದ್ದರು.

"ಅವರೇ ಹೇಳಿ ಅಂದಿದ್ದಕ್ಕೆ ಹೇಳ್ತಿದೀನಿ. ಅವರು ಸಣ್ಣೋರಿದ್ದಾಗ ಇನ್ನೊಂದು ತೋಟದಲ್ಲಿ ಮೆಣಸು ಕದ್ದ ಅಂತ ಅವರಪ್ಪನ್ನ ಕಂಬಕ್ಕೆ ಕಟ್ಟಿದ್ರಂತೆ. ಆಮೇಲೆ ಕದ್ದಿದ್ದು ಬೇರೆಯವನು ಅಂತ ಗೊತ್ತಾಯ್ತು. ಅಷ್ಟು ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದಿದ್ರು. ನೀವು ಎಲ್ಲರನ್ನ ಸಾಲಾಗಿ ನಿಲ್ಸಿದಾಗ ಅವರಿಗೆ ಆ ಕಂಬ ಕಾಣಿಸ್ತಂತೆ."

ನಂಜಮ್ಮನವರು ಸೆರಗಿನ ತುದಿ ಸುತ್ತುತ್ತಾ ಕುಳಿತರು.

ಭಾನುವಾರ ಕೊಯ್ಲಿಗೆ ರಜೆ. ಬೆಳಿಗ್ಗೆ ಕಣದಲ್ಲಿ ಅವತ್ತಿನ ಉಳಿದ ಆರೂ ಜನ ಸೇರಿದರು. ಅಣ್ಣಮ್ಮ ಬರಲೇಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ಮಗಳ ಜೊತೆ ಬಂದು ದೂರದಲ್ಲಿ ನಿಂತಳು. ಅವಳ ಜಾಗಕ್ಕೆ ಏಳನೆಯವರಾಗಿ ನಂಜಮ್ಮನವರು ನಿಂತರು.

ಆಟವನ್ನು ಶಾಲಿನಿ ಎಲ್ಲರಿಗೂ ಬಿಡಿಸಿ ಹೇಳಿದಳು. ಏಳು ಮಡಿಸಿದ ಚೀಟಿ. ಒಂದರಲ್ಲಿ ಮಾತ್ರ ಕೆಂಪು ಗುರುತು, ಉಳಿದವು ಖಾಲಿ. ಒಬ್ಬೊಬ್ಬರೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯೊಳಗೆ ಹೋಗಿ ಚೀಟಿ ಬಿಚ್ಚಿ ನೋಡಬೇಕು. ಕೆಂಪು ಬಂದವರು ಅಲ್ಲಿಟ್ಟಿರುವ ರಂಗನಾಥಯ್ಯನವರ ಸುಣ್ಣದ ಡಬ್ಬಿಯನ್ನು ಬಚ್ಚಿಟ್ಟುಕೊಂಡು ಬರಬೇಕು. ಆಮೇಲೆ ದೇವರ ಅಕ್ಕಿ. ಕೇಳುವವರು ರಂಗನಾಥಯ್ಯ.

"ನನ್ನ ಡಬ್ಬೀನೇ ಬೇಕಿತ್ತಾ?" ಎಂದರು ಅವರು. ಎಲ್ಲರೂ ನಕ್ಕರು.

ನಂಜಮ್ಮನವರ ಚೀಟಿ ಖಾಲಿ. ಅವರು ಗೆದ್ದವರ ಹಾಗೆ ಹೊರಗೆ ಬಂದರು. ಎಲ್ಲರ ಸರದಿಯೂ ಮುಗಿದ ಮೇಲೆ ಅಗಿಯುವುದು ಶುರುವಾಯಿತು. ಸಿದ್ದಮ್ಮನದು ಒದ್ದೆ. ಭೂತಯ್ಯನದಂತೂ ಬಾಳೆಲೆಯಿಂದ ಕೆಳಗೆ ಹರಿಯುವಷ್ಟು ಒದ್ದೆ. ಉಳಿದ ನಾಲ್ವರದೂ ಒದ್ದೆಯೇ. ಕೊನೆಗೆ ಮನೆಯ ಯಜಮಾನಿ.

ನಂಜಮ್ಮನವರು ಅಕ್ಕಿ ಬಾಯಿಗೆ ಹಾಕಿಕೊಂಡರು. ನಗು ನಿಂತಿತು. ದಿನಾ ಅವರ ಎದುರು ತಲೆ ತಗ್ಗಿಸಿ ನಡೆಯುವವರೆಲ್ಲ ಈಗ ನೇರವಾಗಿ ಅವರ ಬಾಯನ್ನೇ ನೋಡುತ್ತಿದ್ದರು. ರಂಗನಾಥಯ್ಯ ಆಟಕ್ಕೆಂದೇ ಗಂಟಲು ಸರಿಮಾಡಿಕೊಂಡು, ಅವತ್ತು ಹೆಂಡತಿ ಹೇಳಿದ ಮಾತನ್ನೇ ಹೇಳಿದರು. "ಇದು ದೇವರ ಅಕ್ಕಿ. ಯಾರಿಗೆ ಸುಳ್ಳು ಹೇಳಿದ್ರೂ ಇದಕ್ಕೆ ಹೇಳೋಕಾಗಲ್ಲ. ಉಗುಳು."

ಆರು ಜನರದೂ ಒದ್ದೆ. ಉಳಿದವಳು ನಾನೊಬ್ಬಳೇ ಎಂದು ನಂಜಮ್ಮನವರಿಗೆ ಆಗ ಹೊಳೆಯಿತು. ನಾನು ತೆಗೆದಿಲ್ಲ, ನನ್ನ ಚೀಟಿ ಖಾಲಿ ಎಂದು ಗೊತ್ತು. ಗೊತ್ತಿದ್ದೂ ಎದೆ ಹೊಡೆದುಕೊಳ್ಳತೊಡಗಿತು. ಒಣಗಿದರೆ ಎಂದುಕೊಂಡರು. ಅಂದುಕೊಂಡಿದ್ದೇ ತಡ, ನಾಲಿಗೆ ಅಂಗುಳಕ್ಕೆ ಅಂಟಿತು. ಅಗಿದರು, ಇನ್ನೂ ಅಗಿದರು. ಬಾಳೆಲೆಯ ಮೇಲೆ ಬಿದ್ದದ್ದು ಬಿಳಿ ಹಿಟ್ಟು.

ನಂಜಮ್ಮನವರ ಮುಖ ಬೆವರಿತ್ತು.

"ಡಬ್ಬಿ ಯಾರ ಹತ್ರ ಇದೆ, ಕೊಟ್ಬಿಡಿ," ಎಂದಳು ಶಾಲಿನಿ.

ಭೂತಯ್ಯ ನಾಚಿಕೆಯಿಂದ ಸೊಂಟದಲ್ಲಿ ಪಂಚೆಯ ಮಡಿಕೆ ಬಿಡಿಸಿ ಸುಣ್ಣದ ಡಬ್ಬಿ ತೆಗೆದ. "ನಾನು ಎಲೆಅಡಿಕೆ ಹಾಕ್ದೆ ಹತ್ತು ನಿಮಿಷ ಇರೋನಲ್ಲ ಅವ್ವಾರೆ. ನನ್ನ ಬಾಯಲ್ಲಿ ಯಾವಾಗ್ಲೂ ನೀರು ಇರ್ತದೆ."

"ಅಯ್ಯೋ, ನಾವೆಲ್ಲ ಹಾಗೇ ಅಲ್ವಾ!" ಎಂದಳು ಸಿದ್ದಮ್ಮ. "ಅಣ್ಣಮ್ಮ ಒಬ್ಳೇ ಹಾಕ್ದೇ ಇರೋಳು. ಬಾಯಿ ಹುಣ್ಣು ಅಂತ ಹೋದ ವರ್ಷ ಡಾಕ್ಟ್ರು ಬಿಡ್ಸಿದ್ರಲ್ಲ."

ನಂಜಮ್ಮನವರು ಬಾಯಿ ತೊಳೆಯಲೂ ಹೋಗಲಿಲ್ಲ. ಹಿಟ್ಟು ಅಂಟಿದ ತುಟಿಯಲ್ಲೇ ಕಣ ದಾಟಿ ಅಣ್ಣಮ್ಮನ ಮುಂದೆ ನಿಂತರು.

"ಅಣ್ಣಮ್ಮ, ಅವತ್ತು ನಿನ್ನ ಬಾಯಿ ಒಣಗಿದ್ದು ಕದ್ದಿದ್ದಕ್ಕಲ್ಲ. ನನಗೆ ಹೆದರಿ."

ಅಣ್ಣಮ್ಮ ತಲೆ ಎತ್ತಿದಳು. "ಹೌದು ಅವ್ವಾರೆ. ಅದನ್ನ ಅವತ್ತೇ ಹೇಳೋಣ ಅಂದ್ರೆ ಬಾಯಲ್ಲಿ ನೀರೇ ಇರ್ಲಿಲ್ಲ."

ನಂಜಮ್ಮನವರಿಗೆ ಅಳು ಬಂತು, ಎಲ್ಲರ ಎದುರೇ ಅತ್ತರು. ಎಲ್ಲರ ಎದುರೇ ತಪ್ಪಾಯಿತೆಂದರು. ಅದು ಸರಿಯೂ ಹೌದು, ಕಳ್ಳಿ ಎಂದದ್ದೂ ಎಲ್ಲರ ಎದುರೇ ಅಲ್ಲವೇ?

"ಹಾಗಾದ್ರೆ ಬಳೆ ತಗೊಂಡಿದ್ದು ಯಾರು?" ಎಂದರು ರಂಗನಾಥಯ್ಯ, ಡಬ್ಬಿಯಿಂದ ಸುಣ್ಣ ತೆಗೆಯುತ್ತಾ.

"ಗೊತ್ತಿಲ್ಲ ದೊಡ್ಡಪ್ಪ. ಗೊತ್ತಿಲ್ಲ ಅಂತ ಒಪ್ಕೊಳ್ಳೋದು ಕಷ್ಟ. ಅದಕ್ಕೇ ನಾವು ಯಾರನ್ನಾದ್ರೂ ಹಿಡ್ಕೊಂಡ್ಬಿಡೋದು."

ಲೈನ್ ಮನೆ ಖಾಲಿಯಾಗಲಿಲ್ಲ. ಅರ್ಚನಾ ಪರೀಕ್ಷೆ ಬರೆದು ಪಾಸಾದಳು. ಬಳೆ ಇವತ್ತಿಗೂ ಸಿಕ್ಕಿಲ್ಲ. ಹಿತ್ತಾಳೆ ಡಬ್ಬಿಯಲ್ಲಿ ಈಗ ಏಲಕ್ಕಿ ಇದೆ. ಪಕ್ಕದ ತೋಟದವರು ಅಕ್ಕಿ ಕೇಳಿಕೊಂಡು ಬಂದರೆ ನಂಜಮ್ಮನವರು ಅವರನ್ನು ಕೂರಿಸಿ, ಕಾಫಿ ಕೊಟ್ಟು, ಈ ಕಥೆ ಹೇಳಿ ಕಳಿಸುತ್ತಾರೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಾಳೆ ಏನಾದರೂ ಕಳೆಯಬಹುದು. ಮೊದಲು ಚೆನ್ನಾಗಿ ಹುಡುಕಿ. ಕಳ್ಳತನ ಎನಿಸಿದರೆ ಠಾಣೆಗೆ ದೂರು ಕೊಡಿ, ಕಣದಲ್ಲಿ ಪಂಚಾಯಿತಿ ಮಾಡಬೇಡಿ. ನಡುಗುವ ಕೈ, ತಡವರಿಸುವ ಮಾತು, ಒಣಗಿದ ಬಾಯಿ ಹೆದರಿಕೆಯನ್ನು ಮಾತ್ರ ತೋರಿಸುತ್ತವೆ, ಕಳ್ಳತನವನ್ನಲ್ಲ. ದಿನವಿಡೀ ಕಾಡಿಸಿದ ಮೇಲೆ ಒಬ್ಬರು ಹೂಂ ಎಂದರೆ ಆ ಹೂಂ ನಂಬಬೇಡಿ. ನಿಮ್ಮ ಮೇಲೇ ಸುಳ್ಳು ಆರೋಪ ಬಂದರೆ ಒಬ್ಬರೇ ಕೊರಗಬೇಡಿ. ತಾಲ್ಲೂಕು ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಕೇಳಿ, ಹೆಂಗಸರಿಗೆ ಅದು ಹಕ್ಕು. ಹೆದರಿಕೆಯಿಂದ ನಿದ್ದೆ, ಊಟ ಬಿಟ್ಟವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಷ್ಟು ಕೇಳಿಯೂ ಯಾರನ್ನಾದರೂ ಸಾಲಾಗಿ ನಿಲ್ಲಿಸಬೇಕು ಎನಿಸಿದರೆ, ಮೊದಲು ಆ ಸಾಲಿನ ಕೊನೆಯಲ್ಲಿ ನೀವು ನಿಂತು ಅಕ್ಕಿ ಅಗಿದು ನೋಡಿ.