ಹಂಚು ಇಡದ ಐದು ದಿನ

ನಮ್ಮ ಯಜಮಾನರು ಬೂಟು ಹಾಕಿಕೊಂಡು ಅಂಗಳದಲ್ಲಿ ತಿರುಗಲು ಶುರು ಮಾಡಿ ಒಂಬತ್ತು ದಿನವಾಗಿತ್ತು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಆಮೇಲೆ ಆ ದಪ್ಪ ಬೂಟು ಏರಿಸಿ ಬಾವಿಯಿಂದ ಬಾಗಿಲಿಗೆ, ಬಾಗಿಲಿಂದ ಬಾವಿಗೆ. ಹೊಸ ಬೂಟನ್ನು ಹಡಗು ಇಳಿದ ಮೇಲೆ ಹಾಕಿದರೆ ಕಾಲಿಗೆ ಬೊಬ್ಬೆ ಬರುತ್ತವೆ, ಮನೆಯಲ್ಲೇ ಪಳಗಿಸಿಕೊಳ್ಳಬೇಕು ಎಂದು ಮುಂಬಯಿಯ ಕಾಗದದಲ್ಲಿ ಬರೆದಿತ್ತಂತೆ. ಬೊಬ್ಬೆ ಮನೆಯಲ್ಲೇ ಬಂದವು. ಎಣ್ಣೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ಹತ್ತಿ ವ್ಯಾಪಾರದ ಮಾಣಿಕಪ್ಪ ಸಾಹುಕಾರರ ಮನೆಯಲ್ಲಿ ಇವರು ಅಡುಗೆಯವರು. ಹೈದರಾಬಾದಿನ ನವಾಬರೊಬ್ಬರು ಆಫ್ರಿಕಾಕ್ಕೆ ಶಿಕಾರಿಗೆ ಹೊರಟಿದ್ದರು. ಅವರ ಸ್ನೇಹಕ್ಕೆಂದು ಸಾಹುಕಾರರೂ ಹೊರಟರು. ಲಿಂಗವಂತರು, ಕೋವಿ ಮುಟ್ಟುವವರಲ್ಲ. ದೂರದಿಂದ ಸಿಂಹ ನೋಡಿ ಬರುವುದಷ್ಟೇ ಅವರ ಹಂಬಲ. ಆದರೆ ಮೂರು ತಿಂಗಳು ಅಲ್ಲಿ ಉಣ್ಣುವುದೇನು? ಅದಕ್ಕೇ ಇವರು ಬೇಕಾದರು. ಕೇಳಿದ ಕೂಡಲೇ ಇವರು ಹೂಂ ಅಂದರು. ಮನೆಗೆ ಬಂದು ನನ್ನನ್ನು ಕೇಳಲಿಲ್ಲ, ಹೇಳಿದರು.

ಶಿಕಾರಿಯ ಏರ್ಪಾಡು ಮಾಡಿದವರು ಮುಂಬಯಿಯಿಂದ ಬರೆದ ಆ ಕಾಗದದಲ್ಲಿದ್ದ ಸಾಮಾನಿನ ಪಟ್ಟಿಯನ್ನು ಸಾಹುಕಾರರ ಮುನ್ಷಿ ಲಾಲ್ ಅಹ್ಮದ್ ನಮ್ಮ ಕಟ್ಟೆಯ ಮೇಲೆ ಕೂತು ಓದಿ ಹೇಳಿದ್ದರು. ಸೊಳ್ಳೆ ಪರದೆ. ಜ್ವರಕ್ಕೆ ಕ್ವಿನೈನ್ ಗುಳಿಗೆ. ಎರಡು ಕಂಬಳಿ.

"ಕಂಬಳಿ ಯಾಕ್ರಿ ಮುನ್ಷೀಜಿ? ಅಲ್ಲಿ ಸೂರ್ಯ ನೆತ್ತಿ ಸುಡ್ತಾನಂತಲ್ಲ?" ಅಂದೆ.

"ಹಗಲಿಗೆ ಸುಡ್ತಾನವ್ವ, ರಾತ್ರಿ ಹಲ್ಲು ಕಡಿಯೋವಷ್ಟು ಥಂಡಿ ಅಂತ. ಮತ್ತ ಬಿಳಿ ಧೋತರ ನಡಿಯಂಗಿಲ್ಲ. ಬಿಳಿದು ಕಂಡ್ರ ಕಾಡಿನ ಜಾನವಾರ ದೂರದಿಂದ್ಲೇ ಗುರುತು ಹಿಡಿತಾವ."

ಇವರ ನಾಲ್ಕು ಬಿಳಿ ಧೋತರಗಳನ್ನು ಜಾಲಿ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಮಣ್ಣಿನ ಬಣ್ಣಕ್ಕೆ ತಂದೆ. ಎಲ್ಲವನ್ನೂ ಮಾಡಿದೆ. ಒಂದು ಕೆಲಸವನ್ನು ಮಾತ್ರ ಇಂದು ನಾಳೆ ಎಂದು ಮುಂದೂಡುತ್ತಲೇ ಇದ್ದೆ. ಅದು ಇನ್ನೂರು ಖಡಕ್ ರೊಟ್ಟಿ, ಜೊತೆಗೆ ನಂಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ. ರೊಟ್ಟಿ ಇಲ್ಲದೆ ಇವರು ಹೋಗುವಂತಿರಲಿಲ್ಲ. ಸಾಹುಕಾರರು ಇವರನ್ನು ಕರೆದದ್ದೇ ಅದಕ್ಕೆ. ನನಗೆ ಇವರು ಹೋಗುವುದು ಬೇಡವಾಗಿತ್ತು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ, ಮನೆಯಲ್ಲಿ ಇರುವುದು ಇಬ್ಬರೇ. ಸಮುದ್ರ ಅಂದರೆ ಎಷ್ಟು ದೊಡ್ಡದು ಎಂಬುದೂ ನನಗೆ ಗೊತ್ತಿರಲಿಲ್ಲ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದೆ.

ಪಟ್ಟಿಯ ಕೊನೆಯಲ್ಲಿ ಸಿಡುಬು ಬಾರದಂತೆ ಹಾಕುವ ಟೀಕಾ ಇತ್ತು. ಅದನ್ನು ಹಾಕಿಸಿದ ಚೀಟಿ ತೋರಿಸದಿದ್ದರೆ ಹಡಗು ಹತ್ತಿಸುವುದಿಲ್ಲವಂತೆ. ಇವರು ದವಾಖಾನೆಗೆ ಹೋಗಿ ತೋಳು ಗೀರಿಸಿಕೊಂಡು ಬಂದರು. ವಾರದೊಳಗೆ ತೋಳು ಊದಿ ಕೆಂಪಾಗಿ, ನಡುವೆ ನೀರು ತುಂಬಿದ ಗುಳ್ಳೆ ಎದ್ದಿತು. ಮೈ ಸ್ವಲ್ಪ ಬೆಚ್ಚಗಾಯಿತು. ಹೀಗೆ ಆದರೇ ಟೀಕಾ ಹತ್ತಿದೆ ಎಂದು ಲೆಕ್ಕ, ಹೆದರಬೇಡಿ ಎಂದು ದವಾಖಾನೆಯಲ್ಲಿ ಮೊದಲೇ ಹೇಳಿದ್ದರು. ಅದು ನನಗೂ ಗೊತ್ತಿತ್ತು.

ಗುರುವಾರ ಮಧ್ಯಾಹ್ನ ಮುಂಬಯಿ ರೈಲು. ಸೋಮವಾರ ಬೆಳಗ್ಗೆ ನಮ್ಮ ಅತ್ತೆ ಅಂಬಮ್ಮ ಮಗನನ್ನು ಬೀಳ್ಕೊಡಲು ಕಮಲಾಪುರದಿಂದ ಬಂಡಿಯಲ್ಲಿ ಬಂದರು. ಬರುವಾಗ ತಮ್ಮ ತೋಟದ ಕೆಂಪು ಬಾಳೆಯ ಗೊನೆ ತಂದಿದ್ದರು. ಇವರು ತುಂಬು ತೋಳಿನ ಅಂಗಿ ಹಾಕಿಕೊಂಡು ಅವ್ವನ ಮುಂದೆ ಕೂತರು. ತೋಳಿನ ಮಾತು ಎತ್ತಬೇಡ ಎಂದು ನನಗೆ ಕಣ್ಣಲ್ಲೇ ಹೇಳಿದರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಅತ್ತೀ, ಇವರ ರಟ್ಟಿ ಒಂದೀಟು ನೋಡ್ರಿ. ಮೈ ಬೆಚ್ಚಗ ಅದ," ಅಂದೆ.

ಅತ್ತೆ ಅಂಗಿಯ ತೋಳು ಸರಿಸಿ ನೋಡಿದರು. ಅವರ ಹಿರಿಯ ಮಗ ದೌಲಪ್ಪ ಹದಿನಾರನೇ ವಯಸ್ಸಿಗೆ ಸಿಡುಬಿನಲ್ಲಿ ಹೋಗಿದ್ದ. ಗುಳ್ಳೆ ಕಂಡದ್ದೇ ಎದ್ದು ನಿಂತು ಕೈ ಮುಗಿದರು.

"ತಾಯಿ ಬಂದಾಳ. ಒಲಿ ಮ್ಯಾಲಿನ ಹಂಚು ಇಳಸು ಶಿವಕಾಂತಿ."

ನಮ್ಮಲ್ಲಿ ಸಿಡುಬು ಅಂದರೆ ತಾಯಿ ಮೈಮೇಲೆ ಬಂದು ಕೂತಂತೆ. ಅವಳಿದ್ದ ಮನೆಯಲ್ಲಿ ಐದು ದಿನ ಹಂಚು ಇಡಬಾರದು, ಒಗ್ಗರಣೆ ಹಾಕಬಾರದು, ಒಂದು ಕಾಳನ್ನೂ ಹುರಿಯಬಾರದು. ಆ ಉರಿ ಅವಳಿಗೆ ತಾಗಿ, ಅವಳು ಕೂತವನ ಜೀವಕ್ಕೆ ಬರುತ್ತದೆ. ಅವನು ಹೊಸ್ತಿಲು ದಾಟುವಂತಿಲ್ಲ.

"ಯವ್ವಾ, ಇದು ದವಾಖಾನ್ಯಾಗ ಹಾಕಿದ್ದು. ಹಡಗಿನವರು ಕೇಳ್ತಾರಂತ ಹಾಕಿಸ್ಕೊಂಡೀನಿ," ಅಂದರು ಇವರು.

"ಯಾರು ಕರದ್ರೂ ಬಂದಾಕಿ ಆಕಿನೇ. ಮನಿಗೆ ಕರದು ಈಗ ಬಿಟ್ಟು ಹೋಗ್ತೇನಂತಿ? ದೌಲಪ್ಪನ್ನ ಕೊಟ್ಟೀನಿ, ಇನ್ನ ಕೊಡಂಗಿಲ್ಲ."

ಅತ್ತೆ ಬಾಗಿಲಿಗೆ ಬೇವು ಕಟ್ಟಿದರು. ನಾನು ಹಂಚು ಇಳಿಸಿ, ಆ ಬೇವಿನ ಮುಂದೆ ತಾಯಿಗೆ ಸೆರಗೊಡ್ಡಿದೆ. ಎಷ್ಟು ಹಗುರಾಗಿತ್ತು ನನ್ನ ಎದೆ! ರೈಲಿಗೆ ಮೂರು ದಿನ, ತಾಯಿಗೆ ಐದು ದಿನ. ಜಗಳವಿಲ್ಲದೆ, ಅಳುವಿಲ್ಲದೆ ನನ್ನ ಕೆಲಸ ಆಗಿತ್ತು.

ಇವರು ಕೂಗಾಡಬಹುದು ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಬೂಟು ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಮೂಲೆಗಿಟ್ಟರು. ಕಟ್ಟಿದ್ದ ಗಂಟನ್ನು ಬಿಚ್ಚಿ ಮಣ್ಣಿನ ಬಣ್ಣದ ಧೋತರಗಳನ್ನು ಒಂದೊಂದಾಗಿ ತೆಗೆದು ಹಗ್ಗದ ಮೇಲೆ ಹಾಕಿದರು. ಮಂಗಳವಾರ ಲಾಲ್ ಅಹ್ಮದ್ ಬಂದು ಹೊಸ್ತಿಲಾಚೆಯೇ ನಿಂತರು.

"ಅಣವೀರಪ್ಪ, ಸಾಹುಕಾರರಿಗೆ ಬ್ಯಾಸರಾಗ್ಯಾದ. ನಾಳೆ ಸಂಜೀ ತನಕ ನೋಡ್ತಾರಂತ. ನಿಂಗ ಆಗ್ಲಿಲ್ಲಂದ್ರ ಇನ್ನೊಬ್ಬ ಅಡಗಿಯವ ನೀಲಕಂಠನ್ನ ಕರ್ಕೊಂಡು ಹೋಗ್ತಾರ."

"ನೀಲಕಂಠನ್ನೇ ಕರ್ಕೊಂಡು ಹೋಗ್ರಿ," ಅಂದರು ಇವರು. ಆಮೇಲೆ ಮೆಲ್ಲಗೆ, "ಅವನಿಗೆ ಹೇಳ್ರಿ ಮುನ್ಷೀಜಿ, ಆನಿ ನೀರಿಗೆ ಬರೋ ಹೊತ್ತಿನಾಗ ಒಲಿ ಹೊಗಿ ಮಾಡಬಾರ್ದಂತ. ಕಾಗದದಾಗ ಬರದಾರ."

ಕಾಗದದ ಒಂದೊಂದು ಮಾತೂ ಇವರಿಗೆ ಬಾಯಿಪಾಠವಾಗಿತ್ತು. ಹನ್ನೆರಡನೇ ವಯಸ್ಸಿನಿಂದ ಸಾಹುಕಾರರ ಒಲೆಯ ಮುಂದೆ ಕೂತವರು. ಸೊಲ್ಲಾಪುರವನ್ನೂ ಕಂಡಿರಲಿಲ್ಲ. ಒಮ್ಮೆ, ಒಂದೇ ಒಂದು ಸಲ, ಬೇರೆ ಏನನ್ನೋ ನೋಡಬೇಕೆಂದು ಆಸೆಪಟ್ಟಿದ್ದರು. ಅದನ್ನು ನಾನು ಅಂಗಿಯ ತೋಳು ಎತ್ತಿಸಿ ಕಿತ್ತುಕೊಂಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬುಧವಾರ ಬೆಳಕು ಹರಿಯುತ್ತಲೇ ಒಲೆ ಹೊತ್ತಿಸಿ ಹಂಚು ಇಟ್ಟೆ.

ರೊಟ್ಟಿ ಬಡಿಯುವ ಸದ್ದಿಗೆ ಅತ್ತೆ ಓಡಿ ಬಂದರು. "ಏನ್ ಮಾಡಾಕತ್ತಿ? ನನ್ನ ಮಗನ ಮ್ಯಾಲೆ ತಾಯಿ ಕುಂತಾಳ!"

"ಗೊತ್ತದ ಅತ್ತೀ. ಹಂಚು ಇಟ್ಟಾಕಿ ನಾ. ಸಿಟ್ಟು ಬಂದ್ರ ನನ್ನ ಮ್ಯಾಲೆ ಬರಲಿ. ಅವರ ರಟ್ಟಿ ತೋರಿಸಿದಾಕಿನೂ ನಾ. ಇದು ಟೀಕಾದ ಗುಳ್ಳಿ ಅಂತ ಗೊತ್ತಿತ್ತು ನಂಗ. ಹೋಗಬಾರ್ದಂತ ತೋರಿಸ್ದೆ."

ಇವರು ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ಬಡಿಯುತ್ತಿದ್ದ ಮೂರನೇ ರೊಟ್ಟಿ ಹರಿಯಿತು. ಧೈರ್ಯ ಎಂದು ಯಾರೂ ತಿಳಿಯಬಾರದು. ತಾಯಿ ಅಂದರೆ ನನಗೂ ಅಷ್ಟೇ ಭಯ.

ಅತ್ತೆ ಹೊರಗೆ ಹೋಗಿ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತರು. ಇವರು ತಾವೇ ಬರುವುದಾಗಿ ಸಾಹುಕಾರರಲ್ಲಿಗೆ ಸುದ್ದಿ ಮುಟ್ಟಿಸಿ ಬಂದು ಶೇಂಗಾ ಹುರಿಯಲು ಕೂತರು. ಗುರುವಾರ ಬೆಳಗ್ಗೆ ಇನ್ನೂರು ರೊಟ್ಟಿ ಗಂಟು ಸೇರಿದವು.

ಸ್ಟೇಷನ್ನಿನಲ್ಲಿ ಅತ್ತೆ ಮಗನ ಹಣೆಗೆ ವಿಭೂತಿ ಹಚ್ಚಿದರು. ಇವರು ನನ್ನ ಹತ್ತಿರ ಬಂದು, "ಬಂದು ಎಲ್ಲಾ ಹೇಳ್ತೀನಿ, ಹಾಂ?" ಅಂದರು. ಬೂಟಿನಲ್ಲಿ ಕುಂಟುತ್ತ ಹೋಗಿ ರೈಲಿನ ಡಬ್ಬಿ ಹತ್ತಿದರು. ರೈಲು ಕಣ್ಮರೆಯಾದ ಮೇಲೆ ಅತ್ತೆ ಬುಧವಾರ ಬೆಳಗಿನ ಆ ಕೂಗಿನ ಬಳಿಕ ಮೊದಲ ಸಲ ಬಾಯಿ ಬಿಟ್ಟರು.

"ಬಂಡಿ ಹತ್ತು. ತಾಯಿ ಐದು ದಿನ ತಾಯಿಗೆ ಕೊಡೋಣು. ಕಮಲಾಪುರದಾಗ ನಮ್ಮ ಮನಿ ಬಾಗಿಲಾ ಆಕಿಗೆ ಗೊತ್ತದ."

ಕಮಲಾಪುರದ ಮನೆಯ ಬಾಗಿಲಿಗೆ ಬೇವು ಕಟ್ಟಿದೆವು. ಹಂಚನ್ನು ಗೋಡೆಗೆ ಒರಗಿಸಿಟ್ಟೆವು. ಇಬ್ಬರೂ ತಣ್ಣನೆಯ ಅಂಬಲಿ ಕುಡಿದೆವು. ಸಿಡುಬು ಬಂದಾಗ ದೌಲಪ್ಪನನ್ನು ಮಲಗಿಸಿದ್ದ ಜಾಗದಲ್ಲೇ ಅತ್ತೆ ತಾಯಿಗೆಂದು ಒಂದು ಚಾಪೆ ಹಾಸಿದರು. ಅದರ ಮೇಲೆ ಹಸಿ ಬೇವಿನ ಸೊಪ್ಪು ಹರಡಿ, ಬೆಳಗ್ಗೆ ಸಂಜೆ ಬದಲಿಸಿದರು. ಅವರು ದಣಿದಾಗ ನಾನು ಬದಲಿಸಿದೆ. ಪಕ್ಕದಲ್ಲಿ ಕೂತು ಬೇವಿನ ಟೊಂಗೆಯಿಂದ ಗಾಳಿಯನ್ನೂ ಹಾಕಿದೆ.

ಈ ಐದು ದಿನವಾದರೂ ಇವರು ಮನೆ ಬಿಟ್ಟು ಕದಲದಿರಲಿ ಎಂದು ಸೋಮವಾರ ನಾನು ಸೆರಗೊಡ್ಡಿ ಬೇಡಿಕೊಂಡಿದ್ದೆ. ತಾಯಿ ನನಗೆ ಐದು ದಿನ ಕೊಟ್ಟಳು. ಒಂದೂ ಕಡಿಮೆ ಮಾಡಲಿಲ್ಲ. ಖಾಲಿ ಚಾಪೆಗೆ ಗಾಳಿ ಹಾಕುತ್ತ ಐದನ್ನೂ ಕಳೆದೆ.